ಕಾಣದಾದ ಒಂದೂಕಾಲು ಜಿಬಿ

ಭೀಮು ಕಂಪ್ಯೂಟರ್ ಬಿಚ್ಚುವಾಗ ಸ್ಕ್ರೂಗಳನ್ನು ಮೇಜಿನ ಮೇಲೆ ಇಡುತ್ತಿರಲಿಲ್ಲ. ಎದುರು ಕುಳಿತ ಗಿರಾಕಿಯ ಅಂಗೈಗೆ ಕೊಡುತ್ತಿದ್ದ. “ಹಿಡೀರಿ, ಆರು ಅದಾವ. ಮುಚ್ಚೂ ಮುಂದ ಆರೂ ಇಸ್ಕೋತೇನಿ” ಎನ್ನುತ್ತಿದ್ದ. ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಅವನ ಅಂಗಡಿಗೆ ಹೋದವರೆಲ್ಲ, ತಹಶೀಲ್ದಾರ ಕಚೇರಿಯ ಗುಮಾಸ್ತರಿಂದ ಹಿಡಿದು ಮದುವೆ ಫೋಟೋ ತೆಗೆಯುವವರವರೆಗೆ, ಹೀಗೆ ಸ್ಕ್ರೂ ಹಿಡಿದು ಕೂತವರೇ. ಅಂಥವನನ್ನು ನಾಲ್ಕು ತಾಲ್ಲೂಕಿನ ಜನ ಕಳ್ಳ ಎಂದರು. ಹಾಗೆ ಅನ್ನುವಂತೆ ಮಾಡಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಅವನ ಕತೆಯನ್ನು ಬೇರೆ ಯಾರೋ ಹೇಳಲಿ ಎಂದು ಬಿಟ್ಟುಬಿಡುವ ಹಾಗಿಲ್ಲ.

ನನ್ನ ಹೆಸರು ಸಂಗಮೇಶ, ಊರು ಕನ್ನೊಳ್ಳಿ. ಸಿಂದಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಪಾಠ ಹೇಳುತ್ತಿದ್ದೆ ಅಂದಮಾತ್ರಕ್ಕೆ ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ಗೊತ್ತಿತ್ತು ಅಂತಲ್ಲ. ಪುಸ್ತಕದಲ್ಲಿದ್ದದ್ದು ಗೊತ್ತಿತ್ತು. ಒಳಗಿನದು ಗೊತ್ತಿದ್ದದ್ದು ಭೀಮುವಿಗೆ.

ಅವನು ತಾಂಬಾದವನು. ತಂದೆ ಬೇಗ ತೀರಿಕೊಂಡಿದ್ದ. ತಾಯಿ ಯಲ್ಲವ್ವ ಊರ ಸುತ್ತಲಿನ ನಿಂಬೆ ತೋಟಗಳಲ್ಲಿ ಹಣ್ಣು ಆರಿಸಿ, ಚೀಲ ತುಂಬಿ ಮಗನನ್ನು ಬಿಜಾಪುರದ ಐಟಿಐವರೆಗೆ ಓದಿಸಿದ್ದಳು. ಅಲ್ಲಿಂದ ಹೊರಬಿದ್ದ ಭೀಮು ಮುದ್ದೇಬಿಹಾಳದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪ್‌ರೈಟರ್ ದುರಸ್ತಿಗೆ ಸೇರಿಕೊಂಡ. ೧೯೯೮ರಲ್ಲಿ ಅದರ ಮಾಲೀಕ ಸಿದ್ದರಾಯರು ಮೂರು ಕಂಪ್ಯೂಟರ್ ತರಿಸಿದರು. ಟೈಪ್‌ರೈಟರಿಗೆ ಎಣ್ಣೆ ಹಾಕುತ್ತಿದ್ದ ಕೈ ಅವುಗಳ ಮೇಲೂ ಆಡತೊಡಗಿತು.

ಮರುವರ್ಷ ಇನ್ನೊಂದು ಹೊಸ ಯಂತ್ರ ಬಂತು. ಅರವತ್ನಾಲ್ಕು ಎಂಬಿ ಮೆಮರಿ ಇರಬೇಕಾದಲ್ಲಿ ಪರದೆ ಐವತ್ತಾರು ತೋರಿಸುತ್ತಿತ್ತು. “ಎಂಟು ಎಲ್ಲಿ ಹ್ವಾದ್ವೋ?” ಎಂದು ಸಿದ್ದರಾಯರು ಕೇಳಿದರು. ಭೀಮು ಮೂರು ದಿನ ಅದರ ಮುಂದೆಯೇ ಕೂತ. ಯಂತ್ರದೊಳಗಿನ ಮುಖ್ಯ ಬೋರ್ಡಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇರಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸಲು ಬೇಕಾದ ಜಾಗವನ್ನು ಅದು ಮುಖ್ಯ ಮೆಮರಿಯಿಂದಲೇ ಕಡ ತರುತ್ತಿತ್ತು. ಸೆಟಿಂಗಿನಲ್ಲಿ ಎಂಟು ಇದ್ದದ್ದನ್ನು ನಾಲ್ಕು ಮಾಡಿದ. ಪರದೆ ಅರವತ್ತು ತೋರಿಸಿತು. ಸಿದ್ದರಾಯರು ಬೀದಿಯ ಜನರನ್ನು ಕರೆದು ತೋರಿಸಿದರಂತೆ. “ನಮ್ಮ ಭೀಮು ಕಳದ ಮೆಮರಿ ಹುಡುಕಿ ಕೊಟ್ಟ” ಎಂದು ವಾರವಿಡೀ ಹೇಳಿಕೊಂಡು ತಿರುಗಿದರಂತೆ. ತನ್ನ ಬದುಕಿನಲ್ಲಿ ಅಷ್ಟು ಸಂತೋಷದ ವಾರ ಇನ್ನೊಂದಿರಲಿಲ್ಲ ಎಂದು ಭೀಮು ನನಗೆ ಒಮ್ಮೆ ಹೇಳಿದ್ದ.

೨೦೦೧ರಲ್ಲಿ ಮದುವೆಯಾಯಿತು. ಹೆಂಡತಿ ಕೋಮಲ ಇಂಡಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಅದೇ ವರ್ಷ ಅವಳ ಹೆಸರಿನಲ್ಲೇ ‘ಕೋಮಲ ಕಂಪ್ಯೂಟರ್ಸ್’ ತೆರೆದ. ಬಿಡಿ ಭಾಗಗಳನ್ನು ಸೊಲ್ಲಾಪುರದಿಂದ ತಂದು ಜೋಡಿಸಿ ಕೊಡುತ್ತಿದ್ದ. ಒಂದು ಯಂತ್ರ ಕೊಡುವ ಮೊದಲು ಗಿರಾಕಿಯನ್ನು ಕೂರಿಸಿಕೊಂಡು, “ಇದರಾಗ ನೂರಾ ಇಪ್ಪತ್ತೆಂಟು ಐತಿ, ತೊಂಬತ್ತಾರು ತೋರಸ್ತೈತಿ. ಮೂವತ್ತೆರಡು ಪರದೇದ ಪಾಲು. ನಾಳೆ ನನ್ನ ಬೈಬ್ಯಾಡ್ರಿ” ಎಂದು ಮೊದಲೇ ಹೇಳುತ್ತಿದ್ದ. ಯಾರೂ ಬೈಯಲಿಲ್ಲ. ಏಳು ವರ್ಷ ಅಂಗಡಿ ಚೆನ್ನಾಗಿ ನಡೆಯಿತು. ಬಸವನ ಬಾಗೇವಾಡಿಯ ಸ್ಟುಡಿಯೋ ಮಾಲೀಕ ದಾವಲಮಲಿಕ ತನ್ನ ಯಂತ್ರವನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ; ಕೆಟ್ಟರೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಇಂಡಿಗೆ ತರುತ್ತಿದ್ದ.

೨೦೦೮ರ ಬೇಸಿಗೆಯಲ್ಲಿ ನಮ್ಮ ಕಾಲೇಜಿನವರು ಅನಿಮೇಷನ್ ಕೋರ್ಸು ಶುರುಮಾಡಲು ಹೊರಟರು. ಸಂಸ್ಥೆಯ ಕಾರ್ಯದರ್ಶಿ ಬಸಂತರಾಯರು. ಇನ್ನೂರು ಎಕರೆಯ ಮನೆತನ, ಎಲ್ಲರೂ ಕರೆಯುವುದು ಸಾವ್ಕಾರ್ರು ಎಂದು. ಅವರಿಗೆ ಯಂತ್ರದ ವಿಷಯ ತಿಳಿಯದು, ಸಂಖ್ಯೆಯ ವಿಷಯ ತಿಳಿಯುತ್ತಿತ್ತು. ಪಕ್ಕದ ಕಾಲೇಜಿನಲ್ಲಿ ಎರಡು ಜಿಬಿ ಇದೆ ಎಂದು ಯಾರೋ ಹೇಳಿದ್ದರು. ಹಾಗಾಗಿ ನಮಗೆ ನಾಲ್ಕು ಬೇಕು. ಹತ್ತು ಯಂತ್ರ, ಪ್ರತಿಯೊಂದಕ್ಕೂ ನಾಲ್ಕು ಜಿಬಿ, ಜೊತೆಗೆ ದೊಡ್ಡ ಗ್ರಾಫಿಕ್ಸ್ ಕಾರ್ಡು. ಭೀಮುವನ್ನು ಕರೆಸಿದವನು ನಾನೇ.

ಅವನು ಪಟ್ಟಿ ಓದಿ, ಸಾವ್ಕಾರ್ರ ಕೋಣೆಯ ಬಾಗಿಲ ಹತ್ತಿರದ ಬೆಂಚಿನಿಂದ ಎದ್ದು ನಿಂತು ಹೇಳಿದ:

“ಸಾವ್ಕಾರ್ರ, ಒಂದು ಮಾತು. ನೀವು ಹಾಕಸೂ ವಿಂಡೋಸ್ ಮೂವತ್ತೆರಡು ಬಿಟ್ಟಿಂದು. ಅದು ನಾಲ್ಕೂ ಜಿಬಿ ಪೂರ್ತಿ ತೋರಸೂದಿಲ್ರಿ. ಕಾರ್ಡ್ ದೊಡ್ಡದಾದಷ್ಟು ಮೆಮರಿ ಸಣ್ಣದು ಕಾಣತೈತಿ. ಎರಡು ಹಾಕಸ್ರಿ, ಸಾಕು. ಇಲ್ಲಾಂದ್ರ ಅರವತ್ನಾಲ್ಕು ಬಿಟ್ಟಿನ ವಿಂಡೋಸ್ ಹಾಕಸ್ರಿ.”

“ಅರವತ್ನಾಲ್ಕು ಹಾಕಿದ್ರ ಏನ ತ್ರಾಸ?” ಎಂದು ನಾನು ಕೇಳಿದೆ.

“ನಿಮ್ಮ ಕನ್ನಡ ಟೈಪಿಂಗ್ ಅದರಾಗ ನಡಿಯೂದಿಲ್ರಿ ಸರ್. ಹಳೇ ಪ್ರಿಂಟರೂ ನಡಿಯೂದಿಲ್ಲ.”

“ಅವೆಲ್ಲಾ ನಡೀಬೇಕು. ನಾಲ್ಕೂ ಬೇಕು,” ಎಂದರು ಬಸಂತರಾಯರು. “ನಾಲ್ಕು ಜಿಬಿ ಅಂತ ಕಾಲೇಜಿನ ಮುಂದ ಹಾಕಾಕ ಬೋರ್ಡ್ ಬರಸಾಕ ಕೊಟ್ಟಾಗೇತಿ.”

ಭೀಮು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನ ಮಾತು ನನಗೆ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ತಿಳಿಯಲಿಲ್ಲ ಎಂದು ಸಾವ್ಕಾರ್ರ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ನನ್ನದು ಹಂಗಾಮಿ ನೌಕರಿ.

ಜುಲೈನಲ್ಲಿ ಯಂತ್ರಗಳು ಬಂದವು. ಹತ್ತನ್ನೂ ಭೀಮು ಒಬ್ಬನೇ ಜೋಡಿಸಿದ. ಎಲ್ಲ ಸರಿಯಾಗಿದೆ, ನಾಲ್ಕು ಜಿಬಿ ಪರೀಕ್ಷಿಸಿ ಪಡೆದಿದ್ದೇನೆ ಎಂದು ದಾಸ್ತಾನು ಪುಸ್ತಕದಲ್ಲಿ ನಾನು ಸಹಿ ಹಾಕಿದೆ. ಪರೀಕ್ಷಿಸಿರಲಿಲ್ಲ. ಒಂದು ವಾರದ ಮೇಲೆ ಸುಮ್ಮನೆ ಒಂದು ಯಂತ್ರದ ವಿವರ ತೆರೆದು ನೋಡಿದೆ. ೨.೭೫ ಜಿಬಿ ಎಂದಿತ್ತು. ಎರಡನೆಯದು ನೋಡಿದೆ, ಮೂರನೆಯದು ನೋಡಿದೆ. ಹತ್ತರಲ್ಲೂ ಅದೇ. ನನ್ನ ಸಹಿ ಕಣ್ಣ ಮುಂದೆ ಬಂತು. ಬೇರೆ ಯಾರಾದರೂ ಇದನ್ನು ಮೊದಲು ನೋಡಿದರೆ ನಾನು ಸಿಕ್ಕಿಬೀಳುತ್ತೇನೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಇಂಡಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ನಾನು ನೇರ ಬಸಂತರಾಯರ ಕೋಣೆಗೆ ಹೋದೆ.

“ಒಂದೊಂದರಾಗೂ ಒಂದೂಕಾಲು ಜಿಬಿ ಕಡಿಮಿ ಐತ್ರಿ,” ಎಂದೆ.

ಅವರು ಮೆಮರಿಯ ಬಗ್ಗೆ ಏನೂ ಕೇಳದೆ, ಒಂದೇ ಪ್ರಶ್ನೆ ಕೇಳಿದರು: “ಅಂವ ತಾಂಬಾದಾಗ ಯಾವ ಓಣ್ಯಾಂವ?”

ಉತ್ತರ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಹೇಳಿದೆ.

ಆಗಸ್ಟಿನ ಮೊದಲ ಸೋಮವಾರ ಭೀಮುವನ್ನು ಕರೆಸಿದರು. ಲ್ಯಾಬಿನಲ್ಲಿ ಪ್ರಾಚಾರ್ಯರು, ಸಂಸ್ಥೆಯ ನಾಲ್ವರು ಸದಸ್ಯರು, ಎಲ್ಲ ಉಪನ್ಯಾಸಕರು ಕೂತಿದ್ದರು. ಭೀಮು ಒಬ್ಬನಿಗೇ ಕುರ್ಚಿ ಇರಲಿಲ್ಲ. ರಿಪೇರಿ ಇದೆ ಅಂದುಕೊಂಡು ಬಂದಿದ್ದ. ಬಗಲಲ್ಲಿ ಸಲಕರಣೆಯ ಚೀಲವಿತ್ತು. ವಿಷಯ ಏನೆಂದು ತಿಳಿದಾಗ ಅವನಿಗೆ ನಿಜಕ್ಕೂ ಸಮಾಧಾನವಾಯಿತು. ಮುಗುಳ್ನಕ್ಕ.

“ಇದಾ ಏನ್ರಿ? ನಾ ಮೊದಲ ಹೇಳಿದ್ದೆ. ತೋರಸ್ತೇನಿ ತಾಳ್ರಿ.”

ಒಂದು ಯಂತ್ರ ಬಿಚ್ಚಿದ. ಒಳಗೆ ಎರಡು ಮೆಮರಿ ಪಟ್ಟಿಗಳಿದ್ದವು, ತಲಾ ಎರಡು ಜಿಬಿಯವು. ಒಂದನ್ನು ತೆಗೆದಿಟ್ಟು ಯಂತ್ರ ಚಾಲೂ ಮಾಡಿದ. ಪರದೆ ೨.೦೦ ತೋರಿಸಿತು. ಒಳಗಿದ್ದುದನ್ನು ತೆಗೆದು, ಹೊರಗಿಟ್ಟಿದ್ದನ್ನು ಮಾತ್ರ ಹಾಕಿದ. ಮತ್ತೆ ೨.೦೦. “ಇದೂ ಎರಡು, ಇದೂ ಎರಡು. ಹೌದಲ್ರಿ?” ಎಂದು ಎರಡನ್ನೂ ಹಾಕಿದ. ೨.೭೫.

ಬಸಂತರಾಯರು ಗಹಗಹಿಸಿ ನಕ್ಕರು. “ಎರಡು ಎರಡು ಕೂಡಿದ್ರ ಎರಡೂ ಮುಕ್ಕಾಲ ಆಕ್ಕೈತಿ ಅಂತ ಯಾವ ಸಾಲ್ಯಾಗ ಕಲತಿ?”

ಎಲ್ಲರೂ ನಕ್ಕರು. ಭೀಮುವಿನ ಮುಗುಳ್ನಗೆ ಮಾಯವಾಯಿತು. ಆದರೂ ತಾಳ್ಮೆಯಿಂದಲೇ ಬಿಡಿಸಿ ಹೇಳಿದ:

“ಊರಾಗ ಮನಿ ನಂಬರ್ ನಾಲ್ಕು ಸಾವಿರ ಅಷ್ಟ ಅದಾವ ಅಂತ ತಿಳ್ಕೋರಿ. ಪೋಸ್ಟಮನ್‌ಗ ಅದರ ಮ್ಯಾಲೆ ಎಣಸಾಕ ಬರೂದಿಲ್ಲ. ಈ ಗ್ರಾಫಿಕ್ಸ್ ಕಾರ್ಡ, ಬೋರ್ಡಿನ ಮ್ಯಾಲಿನ ಉಳದ ಸಾಮಾನ, ಇವಕ್ಕೂ ಅದರಾಗಿಂದ ನಂಬರ್ ಬೇಕು. ಅವು ಒಂದು ಸಾವಿರದ ಮ್ಯಾಲೆ ಹಿಡಕೊಂಡು ಕುಂತಾವ. ಅಷ್ಟು ಮನಿಗೆ ನಂಬರ್ ಸಿಗಲಿಲ್ಲ. ಮನಿ ಬಿದ್ದಿಲ್ರಿ, ಅಲ್ಲೇ ಅದಾವ. ಪತ್ರ ಮುಟ್ಟೂದಿಲ್ಲ, ಅಷ್ಟ.”

“ನಂಬರ್ ಇಲ್ಲದ ಮನಿ ಅಂದ್ರ ಅದು ಕಳ್ಳ ಮನಿ ಅಲ್ಲೇನೋ?” ಎಂದರು ಬಸಂತರಾಯರು. ಮತ್ತೆ ನಗು.

ಭೀಮು ಚೀಲದಿಂದ ಒಂದು ಹಳೆಯ ಸಣ್ಣ ಗ್ರಾಫಿಕ್ಸ್ ಕಾರ್ಡು ತೆಗೆದ. ದೊಡ್ಡದನ್ನು ಕಳಚಿ ಇದನ್ನು ಕೂರಿಸಿದ. ಯಂತ್ರ ಚಾಲೂ ಆಯಿತು. ಪರದೆಯಲ್ಲಿ ೩.೨೫ ಎಂದು ಬಂತು. “ನೋಡ್ರಿ! ಕಾರ್ಡ್ ಸಣ್ಣದಾತು, ಮೆಮರಿ ಅರ್ಧಾ ಜಿಬಿ ಹೆಚ್ಚಾತು. ಪಟ್ಟಿ ನಾ ಮುಟ್ಟಿಲ್ಲ!”

“ನೋಡ್ರಿ, ನೋಡ್ರಿ,” ಎಂದು ಬಸಂತರಾಯರು ಎದ್ದು ನಿಂತರು. “ಎಲ್ಲಾರ ಮುಂದ ಅರ್ಧಾ ಜಿಬಿ ತಿರುಗಿ ಇಟ್ಟ. ಉಳದ ಮುಕ್ಕಾಲೂ ಇಟ್ಟ ಬಿಡಪಾ.”

ಈ ಸಲ ಯಾರೂ ನಗಲಿಲ್ಲ. ಅವರೆಲ್ಲ ನಿಜವಾಗಿಯೂ ನಂಬಿದ್ದರು. ಭೀಮು ಸುತ್ತ ನೋಡಿದ. ಕೊನೆಗೆ ನನ್ನ ಮೇಲೆ ಅವನ ಕಣ್ಣು ನಿಂತಿತು.

“ಸರ್ರ, ನೀವರ ಹೇಳ್ರಿ. ಅವತ್ತ ನಾ ಹೇಳಿದ್ನಿಲ್ಲೋ? ನೀವು ಅಲ್ಲೇ ಇದ್ರಿ.”

ಆ ಹೊತ್ತಿಗೆ ನನಗೆ ಪೂರ್ತಿ ಅರ್ಥವಾಗಿತ್ತು. ಎರಡು ಪಟ್ಟಿ ಬೇರೆಬೇರೆಯಾಗಿ ಎರಡೆರಡು ತೋರಿಸಿದಾಗಲೇ ಅರ್ಥವಾಗಿತ್ತು. ಬಸಂತರಾಯರು ನನ್ನ ಕಡೆ ತಿರುಗಿ, “ಏನ್ರಿ ಸರ್?” ಎಂದರು.

“ನಾ... ಇನ್ನಷ್ಟು ಓದಿ ನೋಡಿ ಹೇಳ್ತೇನ್ರಿ,” ಎಂದೆ.

ಭೀಮು ದೊಡ್ಡ ಕಾರ್ಡನ್ನು ಮೊದಲಿದ್ದಂತೆ ಕೂರಿಸಿ, ಯಂತ್ರ ಮುಚ್ಚಿ, ಬಗ್ಗಿ ಸಲಕರಣೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡ. ಪೊಲೀಸರಿಗೆ ದೂರು ಕೊಡುವುದಿಲ್ಲ, ಬಡವ, ಬದುಕಿಕೊಳ್ಳಲಿ ಎಂದು ಬಸಂತರಾಯರು ಘೋಷಿಸಿದರು. ಸದಸ್ಯರು ಅವರ ಔದಾರ್ಯವನ್ನು ಹೊಗಳಿದರು. ದೂರು ಕೊಟ್ಟಿದ್ದರೇ ಚೆನ್ನಾಗಿತ್ತು. ಯಾರಾದರೊಬ್ಬ ತಿಳಿದವನು ಬಂದು ಪರೀಕ್ಷೆ ಮಾಡುತ್ತಿದ್ದ. ಕ್ಷಮೆ ಸಿಕ್ಕವನು ತಾನು ತಪ್ಪು ಮಾಡಿಲ್ಲವೆಂದು ಎಲ್ಲಿ ಹೋಗಿ ಸಾಬೀತು ಮಾಡಬೇಕು?

ಸುದ್ದಿ ಬಸ್ಸು ಹೋಗುವ ಊರಿಗೆಲ್ಲ ಹೋಯಿತು. ಇಂಡಿಯ ಗಿರಾಕಿಗಳು ತಮ್ಮ ಯಂತ್ರ ತಂದು, “ಸುಮ್ನ ಒಮ್ಮೆ ಎಣಿಸಿ ತೋರ್ಸಪಾ” ಎನ್ನತೊಡಗಿದರು. ಮುದ್ದೇಬಿಹಾಳದ ಸಿದ್ದರಾಯರು ಇದ್ದಿದ್ದರೆ ಒಂದು ಮಾತು ಹೇಳುತ್ತಿದ್ದರೋ ಏನೋ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ದಾವಲಮಲಿಕ ಮಾತ್ರ ಯಂತ್ರ ತರುವುದನ್ನು ಬಿಡಲಿಲ್ಲ. ಆದರೆ ಮೊದಲೆಲ್ಲ ಅದನ್ನು ಇಟ್ಟು ಚಹಾ ಕುಡಿಯಲು ಹೋಗುತ್ತಿದ್ದವನು ಈಗ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ಭೀಮು, “ಅಣ್ಣಾ, ಚಹಾ ಕುಡದ ಬರ್ರಿ, ತಾಸು ಹಿಡೀತೈತಿ” ಎಂದ. “ಇರ್ಲಿ ತಮ್ಮಾ, ಇಲ್ಲೇ ಕುಂತಿರ್ತೇನಿ” ಎಂದ ದಾವಲಮಲಿಕ. ತನ್ನನ್ನು ಕಳ್ಳ ಎಂದು ಬೈದವರಿಗಿಂತ ಆ ಮಾತೇ ಹೆಚ್ಚು ಚುಚ್ಚಿತು ಎಂದು ಭೀಮು ಕೋಮಲಳ ಹತ್ತಿರ ಹೇಳಿದನಂತೆ.

ತಾಂಬಾದಲ್ಲಿ ಇನ್ನೊಂದು ಅನಾಹುತವಾಯಿತು. ಕಂಪ್ಯೂಟರಿನ ಮೆಮರಿಗೆ ರ‍್ಯಾಮ್ ಎಂದೂ ಹೆಸರು. ‘ಕಾಲೇಜಿನ ರ‍್ಯಾಮ್ ಕದ್ದಾನ’ ಎಂಬ ಮಾತು ಊರು ಮುಟ್ಟುವಷ್ಟರಲ್ಲಿ ‘ಕಾಲೇಜಿನ ರಾಮನ್ನ ಕದ್ದಾನ’ ಎಂದಾಗಿತ್ತು. ಕಾಲೇಜಿನಲ್ಲಿ ರಾಮದೇವರ ಪಂಚಲೋಹದ ಮೂರ್ತಿ ಇತ್ತು, ಅದನ್ನು ಭೀಮು ಹಾರಿಸಿದ್ದಾನೆ ಎಂದು ಕತೆ ಬೆಳೆಯಿತು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರು ಅಂಥ ಕೆಲಸ ಮಾಡಿಯೇ ಮಾಡುತ್ತಾರೆ ಎಂದವರೂ ಇದ್ದರು. ಊರ ಹಿರಿಯರಿಬ್ಬರು ಯಲ್ಲವ್ವನ ಬಾಗಿಲಿಗೆ ಬಂದು ಎಚ್ಚರಿಕೆ ಕೊಟ್ಟು ಹೋದರು. ಮುದುಕಿ ಗಾಬರಿಯಾಗಿ ಮೊದಲ ಬಸ್ಸಿಗೇ ಇಂಡಿಗೆ ಬಂದಳು.

“ಯಪ್ಪಾ, ದೇವ್ರನ್ನ ಯಾಕ ತಂದಿ? ಎಲ್ಲಿ ಇಟ್ಟೀದಿ ಹೇಳ. ನಾನ ಹೋಗಿ ಕೊಟ್ಟು ಕಾಲ ಬೀಳ್ತೇನಿ.”

ಭೀಮುವಿಗೆ ಮೊದಲು ನಗು ಬಂತು. ಅವ್ವನನ್ನು ಕೂರಿಸಿ, ಒಂದು ಮೆಮರಿ ಪಟ್ಟಿಯನ್ನು ಅವಳ ಕೈಗೆ ಕೊಟ್ಟು, ರ‍್ಯಾಮ್ ಅಂದರೆ ಇದೇ ಅಂದ. ಯಲ್ಲವ್ವ ಆ ಹಸಿರು ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದನ್ನ ಕದ್ದೀ?” ಎಂದಳು.

“ಕದ್ದಿಲ್ಲವ್ವ.”

“ಹಂಗಾರ ಅಷ್ಟು ಮಂದಿ ಯಾಕ ಅಂತಾರ?”

ಭೀಮುವಿನ ನಗು ಅಲ್ಲಿಗೆ ನಿಂತುಹೋಯಿತು ಎಂದು, ಮುಂದೊಂದು ದಿನ ಈ ಸಂಗತಿ ತಿಳಿಸಿದ ಕೋಮಲ ನನ್ನ ಮುಖ ನೋಡದೆಯೇ ಹೇಳಿದಳು.

ಅವನು ಸುಮ್ಮನೆ ಕೂರಲಿಲ್ಲ. ಬೋರ್ಡ್ ತಯಾರಿಸುವ ಕಂಪನಿಯವರೇ ಈ ವಿಷಯ ಬರೆದಿದ್ದ ನಾಲ್ಕು ಹಾಳೆಗಳನ್ನು ಇಂಟರ್ನೆಟ್ಟಿನಿಂದ ಮುದ್ರಿಸಿ ಕಾಲೇಜಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ. ಇಂಗ್ಲಿಷಿನಲ್ಲಿದ್ದುದರಿಂದ ಬಸಂತರಾಯರು ಓದಿ ಹೇಳಲು ನನಗೆ ಕೊಟ್ಟರು. ಮಧ್ಯಾಹ್ನದ ಹೊತ್ತು, ಅವರ ಕೋಣೆಯಲ್ಲಿ ನಾವಿಬ್ಬರೇ. ನಾನು ಓದಿದೆ. “ಸಾವ್ಕಾರ್ರ, ಅಂವ ಹೇಳಿದ್ದು ಖರೇ ಐತ್ರಿ. ಮೆಮರಿ ಎಲ್ಲೂ ಹೋಗಿಲ್ಲ” ಎಂದೆ. ಆ ಮಾತಿಗೆ ನನಗೆ ಎಷ್ಟು ಬಲ ಬೇಕಾಯಿತು ಎಂದು ಈಗ ಹೇಳಿಕೊಂಡರೆ ನಾಚಿಕೆಯಾಗುತ್ತದೆ.

ಅವರು ಕೋಪಿಸಿಕೊಳ್ಳಲಿಲ್ಲ. ಹಾಳೆಗಳನ್ನು ಮಡಚಿದರು. “ಇರಬಹುದ್ರಿ. ಆದ್ರ ನಾಲ್ಕು ಮಂದಿ ಮುಂದ ನಾ ಒಂದು ಮಾತು ಆಡಿ ಬಿಟ್ಟೀನಿ. ಈಗ ತಿರುಗಿ ಇಸ್ಕೊಂಡ್ರ ನನ್ನ ಮಾತಿಗೆ ಏನ ಕಿಮ್ಮತ್ತ?” ಎಂದರು. ಹಿಂದೆಯೇ, “ನಿಮ್ಮ ಕಾಯಂ ಆರ್ಡರ್ ಕಮಿಟಿ ಮುಂದ ಐತಿ, ಅಲ್ಲ?” ಎಂದರು. ಹಾಳೆಗಳು ಒಂದು ಫೈಲಿಗೆ ಸೇರಿದವು. ನಾನು ತರಗತಿಗೆ ಹೋದೆ. ಅಂದು ಕಂಪ್ಯೂಟರ್ ಮೆಮರಿಯ ಪಾಠವೇ ಇತ್ತು. ಪುಸ್ತಕದಲ್ಲಿದ್ದಷ್ಟು ಹೇಳಿ ಬಂದೆ.

ಮರುವರ್ಷ ಜೂನಿನಲ್ಲಿ ನಾನು ಕಾಯಂ ಆದೆ.

೨೦೧೦ರ ಹೊತ್ತಿಗೆ ಹೊಸ ವಿಂಡೋಸ್ ಬಂದಿತ್ತು. ಕನ್ನಡ ಟೈಪಿಂಗೂ ಅದಕ್ಕೆ ಹೊಂದಿಕೊಂಡಿತ್ತು, ಹಳೆಯ ಪ್ರಿಂಟರು ಗುಜರಿ ಸೇರಿತ್ತು. ಹತ್ತೂ ಯಂತ್ರಗಳಿಗೆ ಅರವತ್ನಾಲ್ಕು ಬಿಟ್ಟಿನದನ್ನು ನಾನೇ ಹಾಕಿದೆ. ಬೋರ್ಡಿನ ಸೆಟಿಂಗಿನಲ್ಲಿ ಒಂದು ಆಯ್ಕೆ ಬದಲಿಸಿದೆ. ಹತ್ತರಲ್ಲೂ ೪.೦೦ ಜಿಬಿ ಎಂದು ಬಂತು. ಅದೇ ಮೆಮರಿ ಪಟ್ಟಿಗಳು, ಅದೇ ಗ್ರಾಫಿಕ್ಸ್ ಕಾರ್ಡು, ಭೀಮು ಕೂರಿಸಿದ್ದು ಕೂರಿಸಿದ ಹಾಗೆಯೇ. ಬಸಂತರಾಯರು ಬಂದು ನೋಡಿ ನನ್ನ ಬೆನ್ನು ತಟ್ಟಿದರು. ಸ್ವಾತಂತ್ರ್ಯ ದಿನದ ಸಭೆಯಲ್ಲಿ ಶಾಲು ಹೊದಿಸಿ, “ಆ ಮನಷ್ಯಾ ಒಯ್ದದ್ದನ್ನ ನಮ್ಮ ಸಂಗಮೇಶ ಸರ್ ತುಂಬಿ ಕೊಟ್ರು” ಎಂದು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ಹೊಡೆದರು. ನಾನು ಶಾಲು ಹೊದ್ದುಕೊಂಡೇ ಕೂತಿದ್ದೆ.

ಆ ವಾರವೇ ಇಂಡಿಗೆ ಹೋದೆ. ‘ಕೋಮಲ ಕಂಪ್ಯೂಟರ್ಸ್’ ಇದ್ದ ಜಾಗದಲ್ಲಿ ಬೇಕರಿ ಬಂದಿತ್ತು. ಭೀಮು ಊರ ಹೊರಗೆ ಒಂದು ಮೋಟಾರು ದುರಸ್ತಿ ಅಂಗಡಿಯಲ್ಲಿದ್ದ. ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ನನ್ನನ್ನು ನೋಡಿ ಏಳಲಿಲ್ಲ, ಸುತ್ತುವುದನ್ನೂ ನಿಲ್ಲಿಸಲಿಲ್ಲ.

“ನಾಲ್ಕೂ ಬಂದ್ವೇನ್ರಿ?” ಎಂದು ಅವನೇ ಕೇಳಿದ.

“ಬಂದ್ವು ಭೀಮು. ನಂದು ತಪ್ಪಾತು.”

“ಅವತ್ತ ನಿಮಗ ಗೊತ್ತಿತ್ತು.”

ಅವನು ಕೇಳುತ್ತಿರಲಿಲ್ಲ, ಹೇಳುತ್ತಿದ್ದ. ನಾನು ಹೌದೆಂದೆ. ಅವನು ಸುರುಳಿಯ ಸುತ್ತುಗಳನ್ನು ತುಟಿಯಲ್ಲೇ ಎಣಿಸಿ ಮುಗಿಸಿ, ತಂತಿ ಕತ್ತರಿಸಿ ಕೆಳಗಿಟ್ಟ. “ನನಗ ಏನೂ ಬ್ಯಾಡ್ರಿ ಸರ್. ಒಮ್ಮೆ ತಾಂಬಾಕ್ಕ ಹೋಗ್ರಿ. ನಮ್ಮವ್ವ ಎರಡು ವರ್ಷಾತು, ಕಟ್ಟೀ ಮುಂದ ತಲಿ ಎತ್ತಿ ನಡದಿಲ್ಲ. ಅಲ್ಲಿ ಹೇಳ್ರಿ, ಸಾಕು.”

ನಾನು ಹೋದೆ. ಅಷ್ಟನ್ನಾದರೂ ಮಾಡಿದೆ. ಯಲ್ಲವ್ವ ಹೊಸ್ತಿಲಲ್ಲಿ ಕೂತು ನನ್ನ ಮಾತು ಪೂರ್ತಿ ಕೇಳಿದಳು. ಕೇಳಿ, “ನನಗ ಹೇಳಿದ್ರ ಏನಾತ್ರಿ? ಬರ್ರಿ” ಎಂದು ಎದ್ದು, ಸೆರಗು ಸರಿಪಡಿಸಿಕೊಂಡು, ನನ್ನನ್ನು ಕಟ್ಟೆಯ ಹತ್ತಿರ ಕರೆದುಕೊಂಡು ಹೋದಳು. ಏಳೆಂಟು ಹಿರಿಯರು ಕೂತಿದ್ದರು. ಅವಳ ಬಾಗಿಲಿಗೆ ಹೋಗಿದ್ದ ಇಬ್ಬರೂ ಅಲ್ಲಿದ್ದರು. ನಾನು ಯಾರೆಂದು ಹೇಳಿಕೊಂಡೆ. ಭೀಮು ಏನನ್ನೂ ಕದ್ದಿಲ್ಲ, ಕಾಲೇಜಿನಿಂದ ಏನೂ ಹೋಗಿರಲಿಲ್ಲ, ತಪ್ಪು ನಮ್ಮದು ಎಂದು ಸ್ಪಷ್ಟವಾಗಿ, ಎರಡು ಸಲ ಹೇಳಿದೆ.

ಅವರು ಗೌರವದಿಂದ ಕೇಳಿದರು. ನನಗೆ ಕೂರಲು ಜಾಗ ಮಾಡಿಕೊಟ್ಟರು. ಒಬ್ಬ ಹಿರಿಯ ಕೈಮುಗಿದು ಹೇಳಿದ:

“ನೀವು ಭಾಳ ದೊಡ್ಡ ಮನಸ್ಸಿನವ್ರು ಸರ್ರ. ಅಂಥಾವನ ಸಲುವಾಗಿ ಅಷ್ಟು ದೂರಿಂದ ಬಂದ್ರಿ. ಹೋದ ಸಾಮಾನ ಸಿಕ್ಕಿತಲ್ಲ, ನೀವೂ ಮಾಫ್ ಮಾಡೀರಿ, ಇನ್ನ ನಾವು ಆ ಮಾತು ತಗಿಯೂದಿಲ್ಲ.”

“ಹಂಗಲ್ರಿ, ಹೋಗೇ ಇರಲಿಲ್ಲ...” ಎಂದು ನಾನು ಮತ್ತೆ ಶುರುಮಾಡಿದೆ. “ತಿಳೀತ್ರಿ, ತಿಳೀತು” ಎಂದು ಇನ್ನೊಬ್ಬ ನನ್ನ ಕೈ ಹಿಡಿದು ಕೂರಿಸಿದ. ಚಹಾ ತರಿಸಿದರು. ತಿರುಗಿ ನೋಡಿದರೆ ಯಲ್ಲವ್ವ ಇರಲಿಲ್ಲ. ಆಕೆ ಆಗಲೇ ಮನೆಯ ದಾರಿ ಹಿಡಿದಿದ್ದಳು.

ಸಿಂದಗಿಗೆ ಬಂದ ಮೇಲೆ ಭೀಮುವಿಗೆ ಫೋನು ಮಾಡಿ, ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಆ ಕಡೆ ಯಾರೋ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು.

“ಕರೆಂಟ್ ಬಂತ್ರಿ, ಮೋಟರ್ ಟೆಸ್ಟ್ ಮಾಡೂದೈತಿ. ಇಡ್ತೇನಿ,” ಎಂದು ಭೀಮು ಫೋನು ಇಟ್ಟ.